ಏಳನೇ ಕೇಬಲ್ಲು

ರಾತ್ರಿ ಒಂದೂವರೆ. ಬೆಳಗೊಳದ ಪಂಪ್‌ಹೌಸಿನಲ್ಲಿ
ಪ್ಯಾನೆಲ್ಲಿನ ಬಾಗಿಲು ತೆಗೆದಾಗ ಮೊದಲು ಉದುರಿದ್ದು
ಒಣಗಿದ ಹಲ್ಲಿ, ಅದರ ಹಿಂದೆ ಒಂದು ಬೊಗಸೆ ಧೂಳು.
ನಾಲ್ಕರೊಳಗೆ ಮುಗಿಸಿ ಅಂದಿದ್ದರು ಎಂಜಿನಿಯರು,
ಐದಕ್ಕೆ ಮೈಸೂರಿನ ನಲ್ಲಿಗಳು ಏಳುತ್ತವೆ.

ಹಳೇ ಸ್ವಿಚ್ಚು ಪ್ಲಾಸ್ಟಿಕ್ಕಿನದು,
ಯಾರೋ ಸಂತೇಪೇಟೆಯಲ್ಲಿ ಕೊಂಡು ತಂದು
ದಾರದಲ್ಲಿ ಕಟ್ಟಿ ಹೋದದ್ದು,
ಬಿಸಿಲಿನ ಹಪ್ಪಳದಂತೆ ಸೊಟ್ಟಗಾಗಿತ್ತು.
ಹೊಸದಕ್ಕೆ ಲೋಹದ ಮೈ. ಪಟ್ಟಿಗೆ ಸಿಕ್ಕಿಸಿದೆ,
ಟಕ್ ಅಂತ ಕೂತಿತು.
ಇಪ್ಪತ್ನಾಲ್ಕು ವೋಲ್ಟು ಎರಡು ಕಡೆಯಿಂದ,
ಒಂದು ಸತ್ತರೆ ಇನ್ನೊಂದು ಇರಲಿ ಅಂತ.
ಅದಕ್ಕೂ ಮೊದಲು ಹಸಿರು ತಂತಿ, ಭೂಮಿಗೆ.

ಸ್ಟೂಲಿನ ಮೇಲೆ ಬೋರಲಿಂಗಯ್ಯ,
ಇಪ್ಪತ್ತೊಂಬತ್ತು ವರ್ಷದ ರಾತ್ರಿ ಪಾಳಿ.
"ತಬಸ್ಸುಮವ್ವ, ಪೆಟ್ಟಿಗೆ ತೆಗೆದು ಪೆಟ್ಟಿಗೆ ಮಡಗಕ್ಕೆ
ಇಷ್ಟೊಂದು ದುಡ್ಡಾ?"

ಹೇಗೆ ಹೇಳಲಿ.
ಹಳೆಯದಕ್ಕೆ ಯಾರು ಬಂದರೂ ಸೈ,
ಕ್ಯಾಮೆರಾದ ಚಿತ್ರ, ಆಫೀಸಿನ ಪ್ರಿಂಟರು,
ಕ್ಲೋರಿನ್ನಿನ ಲೆಕ್ಕ, ಎಲ್ಲ ಒಂದೇ ಕಾಲುವೆಯಲ್ಲಿ.
ಇದು ತಡೆದು ಕೇಳುತ್ತದೆ:
ನೀನ್ಯಾರು, ಯಾವ ತೂಬಿನವನು,
ನಿನ್ನ ಸರದಿ ಯಾವಾಗ?

"ಅಂಗಂದ್ರೆ ನೀರುಗಂಟಿ ಅನ್ನು."
ಅವನಪ್ಪ ನಾಲೆಯ ನೀರುಗಂಟಿಯಂತೆ.
ಸೊಂಟದಲ್ಲಿ ತೂಬಿನ ಬೀಗದ ಕೈ, ಕೈಯಲ್ಲಿ ಲಾಟೀನು.
ಬೀಗರ ಗದ್ದೆಗೂ ಒಂದು ಗಳಿಗೆ ಹೆಚ್ಚು ಬಿಟ್ಟವನಲ್ಲ.
ಬೀಗರು ಸಾಯುವ ತನಕ ಮಾತಾಡಲಿಲ್ಲ.

ನಾನು ಲ್ಯಾಪ್‌ಟಾಪಿನಲ್ಲಿ ಕಾಲುವೆ ತೋಡುತ್ತಾ ಹೋದೆ.
ಹತ್ತನೆಯದು ಕಂಟ್ರೋಲರುಗಳಿಗೆ:
ಹೊಳೆಯ ಜಾಕ್‌ವೆಲ್ಲು, ಮರಳಿನ ಫಿಲ್ಟರು, ಎತ್ತುವ ಪಂಪು,
ಮತ್ತೆ ಅವನ್ನು ತೋರಿಸುವ ಪರದೆ.
ಇಪ್ಪತ್ತು ಕ್ಯಾಮೆರಾಕ್ಕೆ, ಮೂವತ್ತು ಆಫೀಸಿಗೆ.
ಒಂದರ ನೀರು ಇನ್ನೊಂದಕ್ಕೆ ಹಾಯಬಾರದು.

ನಕ್ಷೆಯಲ್ಲಿ ಆರು ಕೇಬಲ್ಲು. ಗೋಡೆಯಿಂದ ಬಂದದ್ದು ಏಳು.
ಏಳನೆಯದು ಹೆಸರಿಲ್ಲದೆ ನೇತಾಡುತ್ತಿತ್ತು, ಎಷ್ಟು ವರ್ಷದಿಂದಲೋ.
ನೇತಾಡುವ ತಂತಿ ಕಂಡರೆ ನನಗಾಗದು.
ಹತ್ತರಲ್ಲೇ ಇರಲಿ ಅಂತ ಚುಚ್ಚಿದೆ.

ಒಂದು ಕ್ಷಣ ಏನೂ ಇಲ್ಲ.
ಆಮೇಲೆ ದೀಪಗಳೆಲ್ಲ ಒಂದೇ ತಾಳಕ್ಕೆ ಬಿದ್ದವು,
ಕೆರೆಯ ಕಪ್ಪೆಗಳೆಲ್ಲ ಒಟ್ಟಿಗೆ ಹುಚ್ಚು ಹಿಡಿದ ಹಾಗೆ.
ಪರದೆ ಕಲ್ಲಾಯಿತು. ಮಟ್ಟವಿಲ್ಲ, ಒತ್ತಡವಿಲ್ಲ,
ಪಂಪು ಮೂರರ ಜಾಗದಲ್ಲಿ ಬರೀ ಗೀಟು.
ನನ್ನ ಬಾಯಲ್ಲಿ "ಯಾ ಅಲ್ಲಾ" ಬಂದಾಗಲೇ ಗೊತ್ತಾದದ್ದು,
ಸುತ್ತು ತಡೆಯುವ ಒಂದು ಟಿಕ್ಕು ಹಾಕಿರಲಿಲ್ಲ.

ಬೋರಲಿಂಗಯ್ಯ ಎದ್ದು ಹೋಗಿ
ಎರಡಡಿ ಪೈಪಿನ ಮೇಲೆ ಅಂಗೈ ಇಟ್ಟ.
ದನದ ಹೊಟ್ಟೆ ಮುಟ್ಟುವವರ ಹಾಗೆ.
"ನೀರು ಓಯ್ತಾ ಅದೆ ಬುಡವ್ವ.
ನಿನ್ನ ಟೀವಿಗೆ ಮಾತ್ರ ಗರ ಬಡ್ದದೆ."

ಹೌದಲ್ಲ. ಕಂಟ್ರೋಲರುಗಳಿಗೆ ತಮ್ಮ ಕೆಲಸ ಬಾಯಿಪಾಠ.
ಮಾತು ನಿಂತಿದ್ದು ನಮ್ಮ ಜೊತೆ.

ಏಳನ್ನು ಕಿತ್ತೆ. ಕಪ್ಪೆಗಳು ಬಾಯಿ ಮುಚ್ಚಿದವು.
ಟಾರ್ಚು ಹಿಡಿದು ತಂತಿಯ ಬೆನ್ನಿಗೆ ಬಿದ್ದೆವು:
ಚರಂಡಿ ದಾಟಿ, ಫಿಲ್ಟರ್ ಮನೆಯ ಅಟ್ಟ ಹತ್ತಿ
ಅಲ್ಲಿ ಇನ್ನೊಂದು ಪುಟ್ಟ ಡಬ್ಬಿ, ಜೇಡರ ಬಲೆಯೊಳಗೆ.
ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ
ನಮ್ಮಲ್ಲಿಗೇ ತಿರುಗಿ ಬರುತ್ತಿತ್ತು.

ಇಕ್ಕಳ ತೆಗೆದೆ. ಕತ್ತರಿಸುತ್ತಿದ್ದೆ.
"ಕುಯ್ಬ್ಯಾಡ. ಮುಚ್ಚು.
ಏರಿ ಒಡೆದ ದಿನಕ್ಕೆ ಒಂದು ತೂಬು ಇರ್ಬೇಕು."

ಟಿಕ್ಕು ಹಾಕಿ ಏಳನ್ನು ಮತ್ತೆ ಚುಚ್ಚಿದೆ.
ಈ ಸಲ ಅದು ಅರಿಶಿನದ ಬಣ್ಣಕ್ಕೆ ತಿರುಗಿ
ಬಾಗಿಲಲ್ಲೇ ನಿಂತಿತು, ಕರೆದಾಗ ಬರುತ್ತೇನೆ ಅನ್ನುವ ಹಾಗೆ.
ಎಂಟನೇ ಕಿಂಡಿ ಖಾಲಿ. ಅದನ್ನೂ ಮುಚ್ಚಿದೆ.

ನಾಲ್ಕು ಇಪ್ಪತ್ತಕ್ಕೆ ಪಾಸ್‌ವರ್ಡ್ ಕೇಳಿತು ಸ್ವಿಚ್ಚು.
ಇಟ್ಟೆ. ಕೇಳಿದೆ: ನಿಮ್ಮಪ್ಪ ಕೊನೆಗೆ
ಆ ಬೀಗದ ಕೈ ಯಾರಿಗೆ ಕೊಟ್ಟರು?

"ನಾಲೆ ಆಪೀಸಿಗೆ ಒಪ್ಪಿಸ್ದ. ಅವರು ಕಳಕಂಡ್ರು."

ನಾನು ಎರಡು ಕಡೆ ಬರೆದಿಟ್ಟೆ.