ಹೊಟ್ಟೆ-ಬಾಯಿ ಕಟ್ಟಿ

ನ್ಖಾಟಾ ಕೊಲ್ಲಿಯ ಮರಳಲ್ಲಿ, ಬೆಳಿಗ್ಗೆ ಐದೂವರೆಗೆ,
ನನ್ನ ಆಸ್ತಿ: ಒಂದು ತಕ್ಕಡಿ, ಅಳತೆಪಟ್ಟಿ,
ಮಲಾವಿ ಸರಕಾರದ ಹಳದಿ ಹಾಳೆ.
ದೋಣಿ ಬಂದ ಹಾಗೆ ಬರೆಯಬೇಕು:
ಜಾತಿ, ಉದ್ದ, ತೂಕ, ಗಂಡೋ ಹೆಣ್ಣೋ,
ಹೊಟ್ಟೆಯಲ್ಲಿ ಏನಿತ್ತು.

ರಾತ್ರಿಯಿಡೀ ದೀಪ ತೋರಿಸಿ ಉಸಿಪಾ ಸೋಸಿದವರು
ಕೆಂಗಣ್ಣಲ್ಲಿ ಚೌಕಾಸಿಗೆ ನಿಂತಿದ್ದಾರೆ.
ಬೆರಳುದ್ದದ ಬೆಳ್ಳಿ, ಬೋಗುಣಿ ಬೋಗುಣಿ.
ಅದರ ನಡುವೆ ಯಾರಿಗೂ ಬೇಡವಾಗಿ,
ಬಂಡೆ ಬಿಟ್ಟು ಬಂದು ಬಲೆಗೆ ಬಿದ್ದ ಒಂದು ಎಂಬುನಾ.
ಬೂದು ಮೈ. ಗದ್ದ ಊದಿದೆ.
ಹಲ್ಲುನೋವಿನವಳ ಹಾಗೆ ತುಟಿ ಬಿಗಿದಿದೆ.

ಇವಳ ಗಂಡ (ಗಂಡನೆನ್ನಲೆ? ಅರೆಗಳಿಗೆಯ ನೆಂಟ)
ಕಡುನೀಲಿ. ಅಡಿರೆಕ್ಕೆಯ ಮೇಲೆ ಹಳದಿ ಬೊಟ್ಟು,
ಥೇಟು ಮೊಟ್ಟೆ.
ಇಟ್ಟ ಮೊಟ್ಟೆಯನ್ನು ಇಟ್ಟಲ್ಲೇ ತಿರುಗಿ ಬಾಯಿಗೆ ಹಾಕಿಕೊಳ್ಳುವವಳು,
ಒಂದನ್ನೂ ಬಿಡದವಳು,
ಅವನ ಬೊಟ್ಟನ್ನೂ ತನ್ನದೆಂದು ನಂಬಿ
ಹೆಕ್ಕಲು ಹೋಗಿ
ಬಾಯ್ತುಂಬ ಅವನನ್ನು ಕುಡಿದಳು.
ಹೀಗೆ ಒಂದು ಸುಳ್ಳು
ಮೂವತ್ತು ನಿಜಗಳಿಗೆ ಜೀವ ಕೊಟ್ಟಿತು.

ಆಮೇಲೆ ಮೂರು ವಾರ
ಪಾಚಿ ಬೆಳೆದ ಬಂಡೆಯ ಪಕ್ಕದಲ್ಲೇ ಉಪವಾಸ.
ನುಂಗಿದರೆ ಮಕ್ಕಳು, ಉಗುಳಿದರೂ ಮಕ್ಕಳು.
ಹೊಟ್ಟೆ-ಬಾಯಿ ಕಟ್ಟಿ ಸಾಕಿದಳು ಅನ್ನುತ್ತಾರಲ್ಲ,
ಆ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವರನ್ನು
ನಾನು ನೀರಿನಾಚೆ ಕಂಡಿಲ್ಲ.

ಹೆಬ್ಬೆರಳಲ್ಲಿ ದವಡೆ ಒತ್ತಿದೆ.
ಉದುರಿದವು: ಒಂದು ಜೊತೆ ಕಣ್ಣು, ಒಂದು ಎಳೆ ಬಾಲ,
ಹೊಟ್ಟೆಗೆ ಕಟ್ಟಿಕೊಂಡ ಹಳದಿ ಬುತ್ತಿ, ಇನ್ನೇನು ಮುಗಿಯುತ್ತ ಬಂದದ್ದು.
ಮೂವತ್ತೊಂದು. ಎರಡು ಅಲುಗಲಿಲ್ಲ.
ತಾಯಿಯೂ ಅಲುಗಲಿಲ್ಲ. ಸೀಳಿ ನೋಡಿದೆ.
ಹೊಟ್ಟೆ: ಖಾಲಿ. ಬರೆದೆ.
ಬಾಯಿಗೆ ಕಾಲಂ ಇಲ್ಲ.

ಮೀನೊಣಗಿಸುವ ಅಟ್ಟದಿಂದ ನ್ಯಾಲೋಂಗ್ವೆ ಕೂಗಿದಳು:
"ಸೆಕಾನಿ, ಅದನ್ನೇನು ತೂಗುತ್ತೀ, ಒಂದು ತುತ್ತಿಗೂ ಸಾಲದು!"
ಅವಳ ಅಟ್ಟದ ಕೆಳಗೆ ಮಡಚಿಟ್ಟ ನೀಲಿ ಸೊಳ್ಳೆಪರದೆ,
ಆಸ್ಪತ್ರೆಯವರು ಮೊಮ್ಮಗಳಿಗೆಂದು ಕೊಟ್ಟದ್ದು.
ಇನ್ನೂ ಒದ್ದೆ. ಕಣ್ಣುಕಣ್ಣಿಗೂ ಮರಿಗಳ ಹೊಳಪು.
ನಾನು ನೋಡಿದ್ದನ್ನು ಅವಳು ನೋಡಿದಳು.
ಜ್ವರ ಮಳೆಗಾಲಕ್ಕೆ ಬರುತ್ತದೆ.
ಹಸಿವು ಕಾಲ ನೋಡುವುದಿಲ್ಲ.

ಬಾಯಿ ಬಿಟ್ಟರೆ ಬಣ್ಣಗೇಡು.
ಹೊಳೆ ಬಾಯಿ ಬಿಡುವಲ್ಲೂ ಅದೇ ಕತೆ:
ಗುಡ್ಡ ಬೋಳಿಸಿ ಮರಗೆಣಸು ನೆಟ್ಟ ಮೇಲೆ
ಕೆಮ್ಮಣ್ಣು ಸೀದಾ ಸರೋವರಕ್ಕೆ.
ಆ ಮಬ್ಬಿನಲ್ಲಿ ನೀಲಿಯೂ ಕಂದು, ಹಳದಿಯೂ ಕಂದು,
ಬಣ್ಣ ನೋಡಿ ವರಿಸುವ ಹೆಣ್ಣುಗಳು ಯಾರನ್ನು ವರಿಸಬೇಕು?
ಎರಡು ಕುಲ ಕರಗಿ ಒಂದು ಬೂದಿಯಾದೀತು,
ಯಾರೂ ಸಾಯದೆ.

ಇರಲಿ. ತಟ್ಟೆಯ ನೀರಲ್ಲಿ ಇಪ್ಪತ್ತೊಂಬತ್ತು.
ನನ್ನ ನೆರಳು ಬಿದ್ದದ್ದೇ ತಡ
ಮುದ್ದೆಯಾಗಿ ಓಡಿದವು, ಎಲ್ಲಾದರೂ ಕತ್ತಲಿದೆಯೇ ಎಂದು.
ಕೈ ಇಳಿಸಿದೆ, ಬೆರಳು ಮಡಚಿ,
ಹೆಬ್ಬೆರಳ ಬಳಿ ಒಂದು ಕಿಂಡಿ ಬಿಟ್ಟು.
ಬಂದವು.
ಒಂದರ ಬಾಲ ಹಿಡಿದು ಇನ್ನೊಂದು, ಒಳಗೆ.
ಅಂಗೈ ತುಂಬ ಕಚಗುಳಿ.
ಸೆಕಾನಿ ಅಂದರೇ ನಗು; ಆದರೂ ನಗಲಿಲ್ಲ,
ನಕ್ಕರೆ ಕೈ ಅಲುಗುತ್ತದೆ.

ಹಾಗೇ ಮುಷ್ಟಿ ತಟ್ಟೆಯಲ್ಲಿಟ್ಟು ನಡೆದೆ,
ಬಂಡೆಯ ಬುಡಕ್ಕೆ, ಮೊಣಕಾಲು ನೀರಿಗೆ.
ಕೈಬಿಟ್ಟೆ.
ಎಂಥ ಮಾತು ಇದು, ಕೈಬಿಟ್ಟೆ.
ಕೆಲವು ಹೋದವು. ಏಳೆಂಟು
ತೆರೆದ ಅಂಗೈಯ ಮೇಲೇ ನಿಂತವು,
ಬಾಗಿಲು ಮುಚ್ಚಲು ಕಾಯುವ ಹಾಗೆ.

ಹಳದಿ ಹಾಳೆಯ ಕೊನೆಗೆ ‘ಷರಾ’ ಎಂಬ ಜಾಗವಿದೆ.
ನಾಳೆ ಇನ್ಸ್‌ಪೆಕ್ಟರು ಬರುತ್ತಾರೆ, ಪರದೆಗಳ ಲೆಕ್ಕ ಕೇಳುತ್ತಾರೆ.
ಅಟ್ಟದ ಮೇಲಿಂದ ನ್ಯಾಲೋಂಗ್ವೆ
ಒಂದು ಹಿಡಿ ಒಣಮೀನು ತಂದು, ಮಾತಾಡದೆ, ನನ್ನ ಮಡಿಲಿಗೆ ಹಾಕಿ ಹೋದಳು.
ಪೆನ್ನು ಹಲ್ಲಲ್ಲಿ ಕಚ್ಚಿಕೊಂಡು
ಕೂತೇ ಇದ್ದೇನೆ.