ಉಣ್ಣೆಯ ನಡುಪಟ್ಟಿ

ಏಪ್ರಿಲ್‌ನಿಂದ ಬೆಳಗಿನ ನಾಲ್ಕಕ್ಕೇ ಪಾಳಿ ಅಂತ
ಗೋಡೆಗೆ ಹಾಳೆ ಅಂಟಿಸಿದ್ದಾರೆ.
ಹೀಯುಮಾ ದ್ವೀಪದ ಅಂಚೆಮನೆ, ನಾವಿರುವುದು ಐದೇ ಜನ,
ಮೂರನೆಯ ಹೆಸರು ನನ್ನದು: ಉರ್ವೆ.
ಅದರ ಮೇಲೆ ಯಾರೋ ಲೋಟ ಇಟ್ಟ ಕಾಫಿಯ ಬಳೆ.

ನಾಲ್ಕಕ್ಕೆ ಪಾಳಿಯಾದರೆ ಮೂರಕ್ಕೆ ಎಚ್ಚರ,
ಮೂರಕ್ಕೆ ಎಚ್ಚರವಾದರೆ ಒಂದೇ ವಾರದಲ್ಲಿ
ನನಗೆ ನಿದ್ದೆಯೇ ಬೇಡವಾಗುತ್ತದೆ.
ಹಾಪ್ಸಲುವಿನ ಡಾಕ್ಟರು ಹೇಳಿದ್ದು ಇಷ್ಟೇ:
ಮಾತ್ರೆ ಅರ್ಧ, ನಿದ್ದೆ ಅರ್ಧ,
ಒಂದು ಕೈಕೊಟ್ಟರೆ ಇನ್ನೊಂದು ಒಂಟಿಗಾಲಲ್ಲಿ.

ಬಾಯಿ ಬಿಟ್ಟರೆ ಬಣ್ಣಗೇಡು,
ಬಿಡದಿದ್ದರೆ ನಾಲ್ಕಕ್ಕೆ ಪಾಳಿ.

ತಾವೇತ್ ಕೆಟ್ಟ ಯಜಮಾನನಲ್ಲ.
ಮೀನಿನ ಡಬ್ಬಿ ತೆರೆದರೆ ನಾಲ್ಕು ಜನಕ್ಕೆ ಹಂಚಿಯೇ ತಿನ್ನುವವನು.
ಬಾಗಿಲು ತಟ್ಟಿ, ಟೋಪಿ ತೆಗೆದು, ಒಂದೇ ಉಸಿರಿಗೆ
ಹೇಳಿಬಿಡಬಹುದು.
ಆದರೆ ಅವನ ತಲೆಯ ಹಿಂದೆ, ಗಾಜಿನ ಚೌಕಟ್ಟಿನಲ್ಲಿ,
ನಾನೇ ನಗುತ್ತಿದ್ದೇನೆ:
'ವರ್ಷದ ಅಂಚೆಯವಳು'.

ಆ ವರ್ಷದ ವಸಂತ. ಹನ್ನೊಂದು ರಾತ್ರಿ ಕಣ್ಣು ಮುಚ್ಚಿರಲಿಲ್ಲ.
ಚೀಲದಲ್ಲಿ ಒಂದು ಕಾಗದ ಉಳಿದರೂ ಮೈಯೆಲ್ಲ ತುರಿಕೆ.
ರಾತ್ರಿ ಎರಡಕ್ಕೆ ಹಣೆಗೆ ದೀಪ ಕಟ್ಟಿಕೊಂಡು
ಕಾಡಂಚಿನ ಕೊನೇ ಮನೆಯವರೆಗೂ ಹೋದೆ,
ಕರೆಂಟು ಬಿಲ್ಲಿನ ಮೇಲೂ ಪೆನ್ಸಿಲ್ಲಿನಲ್ಲಿ
ಒಂದೊಂದು ಹಾರೈಕೆ ಬರೆದೆ,
ದಾರಿಯ ನಾಯಿಗಳ ಹೆಸರೆಲ್ಲ ಬಾಯಿಪಾಠ.
ಜನ ಮೆಚ್ಚಿ ಬರೆದರು. ತಾಲ್ಲಿನ್‌ನಿಂದ ಹೂಗುಚ್ಛ ಬಂತು.
ಈಗ ಏನೆಂದು ಶುರುಮಾಡಲಿ?
ತಾವೇತ್, ಆ ಚೌಕಟ್ಟಿನಲ್ಲಿರುವುದು ನನ್ನ ಕಾಯಿಲೆ,
ಅವತ್ತು ನೀನು ಕುಲುಕಿದ್ದು ಅದರ ಕೈಯನ್ನು.

ಹೇಳಿದ ಮೇಲೆ, ಚುರುಕಾದ ದಿನವೂ ಅನುಮಾನ,
ಮಂಕಾದ ದಿನವೂ.
ಸುಮ್ಮನೆ ನಕ್ಕರೆ:
ಇವತ್ತು ಮಾತ್ರೆ ತಗೊಂಡೆಯಾ, ಉರ್ವೆ?

ಅದೇ ನವೆಂಬರಿನಲ್ಲಿ ಎಲ್ಲ ಇಳಿದುಹೋದಾಗ
ಮೂರು ವಾರ ಹಾಸಿಗೆ. ಫೋನಿನಲ್ಲಿ 'ಬೆನ್ನು' ಅಂದೆ.
ಬೆನ್ನು ಒಳ್ಳೆಯ ಪದ. ಎಲ್ಲರಿಗೂ ಒಂದೊಂದು ಇರುತ್ತದೆ,
ಯಾರೂ ಅದಕ್ಕೆ ಹೆದರುವುದಿಲ್ಲ.
ಮರಳಿ ಬಂದ ದಿನ ಲೀವಿ ಒಂದು ಪೊಟ್ಟಣ ಕೊಟ್ಟಳು:
ತನ್ನದೇ ಕುರಿಯ ಉಣ್ಣೆ, ತಾನೇ ಹೆಣೆದ ನಡುಪಟ್ಟಿ,
ಕೆಂಪು ಅಂಚು, ಒಳಗೆ ಎರಡು ಪದರ.
ಅವಳ ಬೆರಳುಗಳಿಗೆ ಸಂಧಿವಾತ.
ಮೂರು ವರ್ಷದಿಂದ ಕಟ್ಟಿಕೊಳ್ಳುತ್ತಿದ್ದೇನೆ
ನೋಯದ ಬೆನ್ನಿಗೆ.
ಮೂಟೆ ಎತ್ತುವಾಗ 'ಅಮ್ಮಾ' ಅನ್ನುವುದನ್ನೂ
ಕಲಿತಿದ್ದೇನೆ.

ಚಿಕ್ಕವಳಿದ್ದಾಗ ಚಳಿ ಗಟ್ಟಿಯಿತ್ತು.
ಕಡಲು ಹೆಪ್ಪುಗಟ್ಟಿ ಅದರ ಮೇಲೇ ರಸ್ತೆ ಬೀಳುತ್ತಿತ್ತು,
ಅಪ್ಪ ಹಳೆಯ ಕಾರಿನಲ್ಲಿ ಆಚೆ ದಡಕ್ಕೆ ಕರೆದೊಯ್ಯುತ್ತಿದ್ದ.
ಬೆಲ್ಟು ಬಿಚ್ಚು, ಅನ್ನುತ್ತಿದ್ದ, ಒಡೆದರೆ ಹಾರಬೇಕು.
ತೀರ ನಿಧಾನ ಹೋಗಬೇಕು, ಇಲ್ಲಾ ಜೋರಾಗಿ,
ನಡುವಿನ ವೇಗದಲ್ಲಿ ಅಡಿಯ ನೀರು ಅಲೆಯಾಗಿ ಏಳುತ್ತೆ,
ಮಂಜುಗಡ್ಡೆ ಬೆನ್ನ ಹಿಂದೆಯೇ ಸೀಳುತ್ತ ಬರುತ್ತೆ.
ಮಧ್ಯೆ ನಿಲ್ಲಬಾರದು, ಯಾರು ಕೈ ಬೀಸಿದರೂ.

ಮೂರು ವರ್ಷ ನಾನು ಓಡಿಸಿದ್ದು ಆ ನಡುವಿನ ವೇಗದಲ್ಲೇ.
ಸ್ವಲ್ಪ ಬೆನ್ನು, ಸ್ವಲ್ಪ ತಲೆನೋವು,
ಸ್ವಲ್ಪ 'ಏನಿಲ್ಲ ಬಿಡಿ'.

ತಾವೇತನ ಬಾಗಿಲು ಅರೆ ತೆರೆದಿದೆ,
ಒಳಗೆ ರೇಡಿಯೋ ಹಡಗಿನ ಹೊತ್ತು ಹೇಳುತ್ತಿದೆ.
ಕಾನೂನು ನನ್ನ ಕಡೆಗಿದೆಯಂತೆ.
ಕಾನೂನು ಇರುವುದು ತಾಲ್ಲಿನ್‌ನಲ್ಲಿ,
ನಾನಿರುವುದು ಐದು ಜನರ ಕೋಣೆಯಲ್ಲಿ.

ಆ ಬಾಗಿಲು ದಾಟಿ ಮುಂದೆ ಹೋದೆ.
ಗೂಡುಗಳ ಮುಂದೆ ಲೀವಿ, ಮೂಗಿನ ತುದಿಗೆ ಕನ್ನಡಕ.
ಕೋಟಿನೊಳಗೆ ಕೈಹಾಕಿ ಗಂಟು ಬಿಚ್ಚಿದೆ.
ಬಿಸಿಯಿತ್ತು ಪಟ್ಟಿ, ಈಗಷ್ಟೇ ಎದ್ದುಹೋದ ಬೆಕ್ಕಿನ ಜಾಗದ ಹಾಗೆ.
ಮಡಿಸಿ ಮೇಜಿನ ಮೇಲಿಟ್ಟೆ.

ಲೀವಿ, ನನ್ನ ಬೆನ್ನು ನೋಯುವುದಿಲ್ಲ.

ಅವಳು ಕೈಯಲ್ಲಿದ್ದ ಲಕೋಟೆಯ ವಿಳಾಸ
ಓದುತ್ತಲೇ ಇದ್ದಳು.
ಆಮೇಲೆ ಅದನ್ನು
ತಪ್ಪು ಗೂಡಿಗೆ ಹಾಕಿದಳು.