ಹದ

ನಿಪ್ಪಾಣಿಯ ಎಲೆಗೆ ಖಾರ ಜಾಸ್ತಿ,
ಪಿರಿಯಾಪಟ್ಟಣದ್ದು ಸಿಹಿ, ಬರೀ ಪೊಳ್ಳು.
ಬೋಳಾರದ ಬಾಡಿಗೆ ಕೋಣೆಯಲ್ಲಿ
ಬೆರೆಸಿ, ಬೆಲ್ಲದ ನೀರು ಚಿಮುಕಿಸಿದೆ,
ಲವಂಗ ಕುಟ್ಟಿ ಹಾಕಿದೆ.
ಸೇದಿದರೆ ಪಾಯಸ ಸೀದ ವಾಸನೆ.

ಕೆಳಮನೆಯ ಕಾರ್ಮಿಣ್ ಬಾಯಿ
ನಲವತ್ತು ವರ್ಷ ಬೀಡಿ ಕಟ್ಟಿದವರು,
ಒಂದನ್ನೂ ತುಟಿಗಿಟ್ಟವರಲ್ಲ.
ಚಿಟಿಕೆ ಎತ್ತಿ ಕಿವಿಯ ಹತ್ತಿರ ಉಜ್ಜಿದರು.
"ಮಾತೇ ಆಡುವುದಿಲ್ಲ ಮಾರಾಯ, ಒದ್ದೆ.
ಇನ್ನೇನೂ ಹಾಕಬೇಡ.
ಆರಬಿಟ್ಟು, ಭರಣಿಗೆ ತುಂಬಿ, ಮರೆತುಬಿಡು."

ಮರೆಯುವುದು ಸುಲಭವೇ?
ದಿನಾ ಮುಚ್ಚಳ ತೆಗೆದು ಮೂಸಿದೆ.
ಕಡೆಗೆ ಅವರೇ ಒಯ್ದು
ಅಕ್ಕಿ ಡಬ್ಬದ ಹಿಂದೆ ಇಟ್ಟರು.

ಮೊಂತಿ ಫೆಸ್ತ್ ಕಳೆದು ವಾಪಸು ಬಂತು:
ಒಣಹುಲ್ಲು, ಒಣದ್ರಾಕ್ಷಿ,
ಎಲ್ಲೋ ಒಂದಿಷ್ಟು ಹಂಚಿನ ಕಾರ್ಖಾನೆಯ ಬಿಸಿ.
ಮೊದಲನೆಯದನ್ನು ಸುತ್ತಿ ಅವರತ್ತ ಚಾಚಿದೆ.
ಮೂಸಿದರು. ತಲೆದೂಗಿದರು.
ಕೆಮ್ಮುತ್ತಲೇ ಕೈ ತೊಳೆಯಲು ಎದ್ದರು.